ಬೆನ್ನು ತಿರುಗಿಸಿ ಪಾಠ ಹೇಳಿದವರು

ನಮ್ಮ ಜಗಲಿಯಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿದ ಮೇಷ್ಟ್ರು ತೀರಿಕೊಂಡರಂತೆ. ಸುದ್ದಿ ತಂದವನು ಕಿರುಗಾವಲು ಕಡೆಯ ಬೆಣ್ಣೆಯವನು. ಬೆಣ್ಣೆ ತೂಗುತ್ತಾ, "ನಿಮ್ಗೆ ಗೊತ್ತಿದ್ದೋರಲ್ವರಾ ಅವ್ವಾ, ಆ ಕಾಲೇಜು ಮೇಷ್ಟ್ರು? ಓಗ್ಬುಟ್ರು," ಎಂದ.

"ಬಹಳ ದಿನ ಮಲಗಿದ್ದರೇನಪ್ಪ?" ಎಂದೆ.

"ಎಲ್ಲಿ ಮಲಗ್ತಾರವ್ವಾ ಅವ್ರು! ಅಂಗಳದಲ್ಲಿ ಓಡಾಡ್ಕಂಡೇ ಇದ್ರು. ಓಡಾಡ್ತಾ ಓಡಾಡ್ತಾನೇ ಕುಸುದ್ರು."

ಅವನು ಬೆಣ್ಣೆಯುಂಡೆಯನ್ನು ಪಾತ್ರೆಗೆ ಹಾಕಿ ಹೋದ. ನಾನು ಅದನ್ನು ಕಾಯಿಸಲು ಒಲೆಯ ಮೇಲಿಟ್ಟು, ಹಳೆಯದನ್ನೆಲ್ಲ ನೆನೆಯುತ್ತಾ ಕೂತು, ತುಪ್ಪ ಸ್ವಲ್ಪ ಕಂದಿಸಿಬಿಟ್ಟೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಮೇಷ್ಟ್ರು ಎಂದರೆ ಅವರೊಬ್ಬರೇ. ಆಗ ನಾವು ಮಂಡ್ಯದಲ್ಲಿದ್ದೆವು. ನಮ್ಮ ಯಜಮಾನರಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ನಾಲೆಗೆ ಹೊಸದಾಗಿ ನೀರು ಬಂದು, ರಾಗಿ ಹೊಲಗಳೆಲ್ಲ ಒಂದೊಂದಾಗಿ ಕಬ್ಬಿನ ಗದ್ದೆಗಳಾಗುತ್ತಿದ್ದ ಕಾಲ. ನೀರಿನ ಹಿಂದೆಯೇ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ಉಪ್ಪಿನ ಮರಿಗೆ ಇರುವ ಹಾಗೆ ಮನೆಮನೆಯಲ್ಲೂ ಕ್ವಿನೈನ್ ಸೀಸೆ ಇರುತ್ತಿತ್ತು. ಮೇಷ್ಟ್ರು ಮೈಸೂರಿನ ಕಾಲೇಜೊಂದರಲ್ಲಿ ಬಿ.ಎ. ಹುಡುಗರಿಗೆ ಅರ್ಥಶಾಸ್ತ್ರ ಹೇಳುತ್ತಿದ್ದವರು. ಹುಟ್ಟೂರು ಕಿರುಗಾವಲಿನ ಹತ್ತಿರ, ಬೇಸಾಯದ ಮನೆತನ. ಅವರ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲು. ಜ್ವರ ಹಿಡಿದು ರಜಾ ಹಾಕಿ, ನಮ್ಮ ಬೀದಿಯ ಕೊನೆಯಲ್ಲಿದ್ದ ಅಣ್ಣನ ಮನೆಗೆ ಬಂದು ಸೇರಿದ್ದರು.

ಜ್ವರ ಅವರಿಗೆ ದಿನ ಬಿಟ್ಟು ದಿನ ಬರುತ್ತಿತ್ತು. ಬಿಟ್ಟ ದಿನ ಅವರನ್ನು ಒಂದು ಕಡೆ ನಿಲ್ಲಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡೇ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುವರು. ಕೊನೆಯ ಗುಟುಕು ಯಾವಾಗಲೂ ಆರಿ ಹೋಗಿರುತ್ತಿತ್ತು. "ಒಂದು ಗಳಿಗೆ ಕೂತ್ಕೊಳ್ಳಿ ಮೇಷ್ಟ್ರೇ" ಎಂದರೆ, "ಕೂತ್ರೆ ಚಳಿ ಅತ್ಕೊಂಡ್ಬುಡ್ತದೆ ತಾಯಿ" ಎನ್ನುವರು. ಬಾಗಿಲಿಗೆ ಬಂದ ಮಾರುವವರನ್ನೆಲ್ಲ ಬೆಲೆ ಕೇಳುವುದು ಅವರ ಇನ್ನೊಂದು ಚಟ. ಸೊಪ್ಪಿನ ನಿಂಗಮ್ಮ ದೂರದಿಂದಲೇ ಅವರನ್ನು ಕಂಡು ದನಿ ಏರಿಸುತ್ತಿದ್ದಳು:

"ಬಂದ್ರು ಕಣಮ್ಮ, ಕೊಳ್ಳದ ಗಿರಾಕಿ! ದಿನಾ ಬೆಲೆ ಕೇಳ್ತಾರೆ, ಒಂದ್ ಕಂತೆ ತಕ್ಕಳಾಕಿಲ್ಲ."

"ನಿನ್ನೆಗಿಂತ ಯಾಕೆ ಜಾಸ್ತಿ ಯೋಳ್ದೆ ನಿಂಗವ್ವ, ಅದನ್ನ ಹೇಳು ಸಾಕು."

"ನಿನ್ನೆ ನೀವು ಕೇಳಿದ್ರಲ್ಲ, ಅದ್ಕೇ ಜಾಸ್ತಿ ಆಯ್ತು! ಓಗಿ, ಕೆಲ್ಸ ನೋಡ್ಕೋಗಿ."

ಮೇಷ್ಟ್ರು ಇದಕ್ಕೆ ಕೋಪಿಸಿಕೊಳ್ಳಬೇಕಲ್ಲ? ಇಲ್ಲ. "ಅದೂ ಒಂದು ಕಾರಣವೇ," ಎಂದು ತಲೆ ಆಡಿಸುತ್ತಾ ಮತ್ತೆ ನಡೆಯತೊಡಗುವರು.

ಅವರು ನಮ್ಮ ಜಗಲಿಗೆ ಬರುವಂತಾದದ್ದು ನನ್ನ ನಾದಿನಿ ಸರೋಜಳಿಂದ. ತೀರಿಹೋದ ಮಾವನವರಿಗೆ ಮಗಳು ಬಿ.ಎ. ಮಾಡಬೇಕೆಂಬ ಆಸೆ ಇತ್ತು. ಅದಕ್ಕಾಗಿಯೇ ಅವಳು ಮೈಸೂರಿನಲ್ಲಿ ತನ್ನ ಸೋದರತ್ತೆಯ ಮನೆಯಲ್ಲಿದ್ದು ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಓದಿದಳು. ಅವೆರಡರಲ್ಲೂ ಪಾಸು. ಜೊತೆಗಿದ್ದ ಅರ್ಥಶಾಸ್ತ್ರ ಒಂದರಲ್ಲಿ ನಪಾಸು. ಸೆಪ್ಟೆಂಬರಿನಲ್ಲಿ ಮತ್ತೆ ಕೂರಬೇಕು. ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ ಕೆಲಸ ಸಿಗುವ ಸಂಭವವಿತ್ತು. ನಮ್ಮ ಅತ್ತೆಯವರು ಆ ವೇಳೆಗಾಗಲೇ ಮಳವಳ್ಳಿಯ ಒಂದು ಸಂಬಂಧವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ವರ ಎರಡನೆಯ ಸಂಬಂಧದವನು, ಎರಡು ಮಕ್ಕಳ ತಂದೆ. ಮನೆ ಕಡೆ ಚೆನ್ನಾಗಿದೆ.

"ನಿಮ್ಮಪ್ಪನ ಮಾತಿಗೆ ಒಂದು ಸಲ ಅವಕಾಶ ಕೊಟ್ಟಿದೀನಿ," ಎಂದರು ಅತ್ತೆ. "ಪಾಸಾದೆಯೋ, ನಿನ್ನ ಇಷ್ಟ. ಇಲ್ಲವೋ, ಮಾಗಿ ಕಳೆಯೋದರೊಳಗೆ ಮಳವಳ್ಳಿ. ಆಮೇಲೆ ಕಣ್ಣೀರು ಹಾಕಕೂಡದು."

ಸರೋಜ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ನನ್ನ ಹತ್ತಿರ ಬಂದು, "ಅತ್ತಿಗೆ, ನನಗೆ ಆ ಎರಡು ಮಕ್ಕಳ ಮೇಲೆ ಸಿಟ್ಟಿಲ್ಲ. ಆದರೆ ನಾನು ಶಾಲೆಗೆ ಹೋಗಬೇಕು," ಎಂದಳು. ಅಷ್ಟೇ ಹೇಳಿದ್ದು. ಅವಳ ದನಿ ಯಾವತ್ತೂ ತೀರಾ ಸಣ್ಣದು, ಪಕ್ಕದಲ್ಲಿದ್ದವರು ಬಗ್ಗಿ ಕೇಳಬೇಕು.

ನಮ್ಮ ಯಜಮಾನರು ಹೋಗಿ ಮೇಷ್ಟ್ರನ್ನು ಕೇಳಿಕೊಂಡರು, ಪಾಠ ಶುರುವಾಯಿತು. ಮೇಷ್ಟ್ರು ಜಗಲಿಯಲ್ಲಿ, ಬೀದಿಗೆ ಬೆನ್ನು ಮಾಡಿ, ಬಾಗಿಲಿಗೆ ಎದುರಾಗಿ. ಸರೋಜ ಹೊಸಿಲಿನ ಒಳಗೆ, ಪಡಸಾಲೆಯ ನೆರಳಿನಲ್ಲಿ, ಸ್ಲೇಟಿನ ಮೇಲೆ ತಲೆ ಬಗ್ಗಿಸಿಕೊಂಡು. ಇಬ್ಬರ ನಡುವೆ ಹೊಸಿಲು. ಬಾಗಿಲ ಪಕ್ಕದಲ್ಲಿ ಅಕ್ಕಿ ಆರಿಸುತ್ತಲೋ ಬತ್ತಿ ಹೊಸೆಯುತ್ತಲೋ ನಾನು. ನಾನಲ್ಲಿ ಕೂರದಿದ್ದರೆ ಪಾಠ ಇಲ್ಲ ಎಂಬುದು ಅತ್ತೆಯವರ ಏರ್ಪಾಡು. ಹೀಗೆ ನನಗೂ ನಾಲ್ಕು ಅಕ್ಷರ ಅರ್ಥಶಾಸ್ತ್ರ ಕಿವಿಗೆ ಬಿತ್ತು.

ಅವರು ಇಂಗ್ಲಿಷ್ ಪುಸ್ತಕದ ಉದಾಹರಣೆ ಮುಟ್ಟುತ್ತಲೇ ಇರಲಿಲ್ಲ. "ಅಲ್ಲಿ ಯಾವನೋ ದ್ರಾಕ್ಷಾರಸ ಕೊಳ್ತಾನಮ್ಮ. ನೀನು ಕಂಡಿದೀಯ ದ್ರಾಕ್ಷಾರಸ? ನಾನು ಕಂಡಿಲ್ಲ. ಬೆಲ್ಲ ಕಂಡಿದೀವಿ, ಬೆಲ್ಲ ಹಿಡಿಯೋಣ," ಎನ್ನುವರು. ಹನಕೆರೆಯವರೆಗೆ ನಡೆದು ಹೋಗಿ, ಕಬ್ಬನ್ನು ಸಕ್ಕರೆ ಕಾರ್ಖಾನೆಗೆ ಹಾಕುವವನನ್ನೂ ಆಲೆಮನೆಗೆ ಹಾಕುವವನನ್ನೂ ಮಾತನಾಡಿಸಿಕೊಂಡು ಬರುವರು. ಕೆಂಪು ಮಣ್ಣು ಮೆತ್ತಿದ ಪಂಚೆಯಲ್ಲೇ ಪಾಠಕ್ಕೆ ನಿಲ್ಲುವರು: ಬೆಲ್ಲದ ಬೆಲೆ ಏರಿದರೆ ಕಬ್ಬು ಗಾಣದ ಕಡೆ ತಿರುಗುತ್ತದೆ, ಇಳಿದರೆ ಕಾರ್ಖಾನೆಯ ಕಡೆ ತಿರುಗುತ್ತದೆ, ಗಾಡಿ ಒಂದೇ, ಎತ್ತೂ ಒಂದೇ, ಎತ್ತಿನ ಮೂತಿ ಯಾವ ಕಡೆ ಎಂಬುದನ್ನು ಬೆಲೆ ಹೇಳುತ್ತದೆ.

ಯಾವ ಪದಾರ್ಥವೇ ಆಗಲಿ, ಪಡೆಯುತ್ತಾ ಹೋದ ಹಾಗೆಲ್ಲ ಮುಂದಿನದರ ಬೆಲೆ ನಮ್ಮ ಮನಸ್ಸಿಗೆ ಕಡಿಮೆಯಾಗುತ್ತದೆ ಎಂಬುದನ್ನು ಹೇಳಿಕೊಟ್ಟದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ಜಗಲಿಯ ಮೇಲೆಯೇ ಎಲೆ ಹಾಕಿ ಒಬ್ಬಟ್ಟು ಬಡಿಸಿದ್ದೆವು. ಆವತ್ತು ಮಾತ್ರ ಅವರು ಕೂತದ್ದು ಕಂಡೆ, ಅದೂ ಒಂದು ಮೊಣಕಾಲು ಎತ್ತಿಕೊಂಡು. ಅತ್ತೆಯವರು ಬಡಿಸುತ್ತಲೇ ಹೋದರು.

"ಸಾಕು ಅಮ್ಮಾವ್ರೇ."

"ಏನು ಸಾಕು, ಜ್ವರ ತಿಂದ ಮೈ. ಇನ್ನೊಂದು."

"ನೋಡ್ಕೊಳ್ಳಮ್ಮ," ಎಂದರು ಒಳಗಿದ್ದ ಸರೋಜಳಿಗೆ ಕೇಳುವ ಹಾಗೆ. "ಮೊದಲನೇದು ತಿಂದದ್ದು ಹಸಿವಿಗೆ. ಎರಡನೇದು ರುಚಿಗೆ. ಮೂರನೇದು ತುಪ್ಪ ಹಾಕಿದ್ರಲ್ಲಾ ಅಂತ. ಇದು ಅಮ್ಮಾವ್ರ ಭಯಕ್ಕೆ. ಪುಸ್ತಕ ಬರೆದೋನು ನಮ್ಮ ಕಡೆ ಊಟಕ್ಕೆ ಬಂದಿದ್ರೆ ಇನ್ನೊಂದು ಅಧ್ಯಾಯ ಜಾಸ್ತಿ ಬರೀಬೇಕಾಗ್ತಿತ್ತು."

ಅತ್ತೆಯವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಗುತ್ತಲೇ ಮತ್ತೊಂದು ಹಾಕಿದರು.

ಚಿತ್ರ ಬರೆಯುವುದಕ್ಕೆ ಅವರು ತಂದ ಸೀಮೆಸುಣ್ಣ ಎರಡು ದಿನಕ್ಕೇ ಮುಗಿಯಿತು. ಬಾಗಿಲ ಹಿಂದೆ ಇದ್ದ ನನ್ನ ರಂಗೋಲಿ ಡಬ್ಬದ ಮೇಲೆ ಕಣ್ಣು ಬಿತ್ತು. ಆಮೇಲೆ ಚಿತ್ರವೆಲ್ಲ ರಂಗೋಲಿಯಲ್ಲೇ. ಕೆಂಪು ಗಾರೆಯ ನೆಲದ ಮೇಲೆ ನಿಂತಲ್ಲಿಂದಲೇ ಬಗ್ಗಿ, ಒಂದು ನೆಟ್ಟನೆಯ ಗೆರೆ, ಅದು ಬೆಲೆ; ಒಂದು ಅಡ್ಡಗೆರೆ, ಅದು ಸರಕು. ಅವುಗಳ ನಡುವೆ ಇಳಿದು ಬರುವ ಗೆರೆ ಬೇಡಿಕೆ, ಏರಿ ಹೋಗುವ ಗೆರೆ ಪೂರೈಕೆ. ಎರಡೂ ಕತ್ತರಿಸುವ ಕಡೆ ಬೆಲೆ ನಿಲ್ಲುತ್ತದೆ. ಕೊಳ್ಳುವವರು ಹೆಚ್ಚಿದರೆ ಬೇಡಿಕೆಯ ಗೆರೆ ಪೂರ್ತಿಯಾಗಿ ಬಲಕ್ಕೆ ಸರಿಯುತ್ತದೆ. ಗೆರೆ ಎಳೆಯುವುದರಲ್ಲಿ ಕೈ ಪರವಾಗಿಲ್ಲ, ಆದರೆ ಪುಡಿ ಬಹಳ ದುಂದು. ಸಾಯಂಕಾಲ ನಾನು ಗುಡಿಸಿದರೆ ಮೊರದ ತುಂಬ ಬರುತ್ತಿತ್ತು.

ಸರೋಜ ಹೊಸಿಲಿನ ಒಳಗಿನಿಂದ ನೋಡಿ ಸ್ಲೇಟಿಗೆ ಇಳಿಸಿಕೊಳ್ಳುವಳು. ಪಾಠದ ಪುಸ್ತಕ ಗೆಳತಿಯದು, ಅದನ್ನು ಬೇಸಿಗೆಯಲ್ಲೇ ಹಿಂದಿರುಗಿಸಿ ಆಗಿತ್ತು. ಅವಳಿಗೆ ಆಧಾರ ಆ ರಂಗೋಲಿಯೊಂದೇ.

ಪರೀಕ್ಷೆ ಹತ್ತಿರ ಬಂದಾಗ ಮೇಷ್ಟ್ರು ಒಂದು ಪ್ರಶ್ನೆ ಕೊಟ್ಟರು: ಗೌರಿ ಹಬ್ಬಕ್ಕೆ ಬಾಳೆಹಣ್ಣು ಕೊಳ್ಳುವವರು ಹೆಚ್ಚಿದರು, ಬೆಲೆ ಏನಾಗುತ್ತದೆ, ಚಿತ್ರ ಬರೆದು ವಿವರಿಸಿ. ಸರೋಜ ಬರೆದಳು. ನಾನು ಕಾಗದವನ್ನು ಅವರ ಕೈಗೆ ಕೊಟ್ಟೆ. ನಡೆಯುತ್ತಾ ಓದುತ್ತಿದ್ದವರು ಗಕ್ಕನೆ ನಿಂತರು.

"ಬೆಲೆ ಇಳಿಯುತ್ತದೆ ಅಂತ ಬರ್ದಿದೀಯ! ಹಬ್ಬದಲ್ಲಿ ಎಲ್ಲವ್ವಾ ಹಣ್ಣು ಅಗ್ಗ ಆಗಾದು? ಆ ಅಂಗಡಿ ತೋರ್ಸು, ನಾನೂ ಒಂದು ಗೊನೆ ತಂದ್ಕತೀನಿ!"

ನಾನು ಒಳಗೆ ನೋಡಿದರೆ ಅವಳ ಕಣ್ಣಲ್ಲಿ ನೀರು ತುಂಬಿದೆ. "ಏನೇ ಇದು, ಹಬ್ಬದಲ್ಲಿ ಬೆಲೆ ಏರೋದು ನಿನಗೆ ಗೊತ್ತಿಲ್ಲವೇ?" ಎಂದೆ.

"ಗೊತ್ತು ಅತ್ತಿಗೆ. ಅದು ಸಂತೆಯಲ್ಲಿ. ಚಿತ್ರದಲ್ಲಿ ಎಷ್ಟು ಸಲ ಬರೆದರೂ ಕೆಳಗೇ ಬರುತ್ತೆ. ಶಾಸ್ತ್ರ ಅಂದರೆ ಹೀಗೇ ಇರಬೇಕು ಅಂದುಕೊಂಡೆ."

ಈ ಮಾತನ್ನು ನಾನು ಗಟ್ಟಿಯಾಗಿ ಮೇಷ್ಟ್ರಿಗೆ ಹೇಳಿದೆ. ಅವರು ಅವಳ ಚಿತ್ರವನ್ನು ನೋಡಿದರು, ನೆಲದ ಮೇಲಿನ ತಮ್ಮ ಚಿತ್ರವನ್ನು ನೋಡಿದರು. ಅಡ್ಡಡ್ಡ ಹೋಗಿ ನೋಡಿದರು. ಆಮೇಲೆ, ಯಾರೂ ಎಣಿಸದ ಹಾಗೆ, ಜಗಲಿಯ ಮೇಲೆ ಅಂಗಾತ ಮಲಗಿ, ತಲೆಯನ್ನು ಹೊಸಿಲಿನ ಹತ್ತಿರಕ್ಕೆ ತಂದು, ಕತ್ತೆತ್ತಿ ಕಾಲಿನ ಕಡೆ ಇದ್ದ ಚಿತ್ರವನ್ನು ನೋಡತೊಡಗಿದರು. ಅದೇ ಹೊತ್ತಿಗೆ ಅತ್ತೆಯವರು ಹೊರಗೆ ಬರಬೇಕೆ!

"ಅಯ್ಯೋ! ಮೇಷ್ಟ್ರಿಗೆ ಜ್ವರ ನೆತ್ತಿಗೇರಿತಲ್ಲೇ! ನೀರು ತಾರೇ!"

"ಜ್ವರ ಅಲ್ಲ ಅಮ್ಮಾವ್ರೇ," ಎಂದರು ಮಲಗಿದ್ದಲ್ಲಿಂದಲೇ. "ನಿಮ್ಮ ಮಗಳು ಕೂತಿರೋ ಕಡೆಯಿಂದ ನೋಡ್ತಾ ಇದೀನಿ. ನನ್ನ ಬಲ ಅವಳಿಗೆ ಎಡ. ನಾನು ಗೆರೇನ ಬಲಕ್ಕೆ ಸರಿಸ್ತಿದ್ರೆ, ಆ ಮಗು ಇಷ್ಟು ದಿನ ಎಡಕ್ಕೆ ಸರಿಸ್ಕೊಂಡು ಬಂದದೆ. ಎಡಕ್ಕೆ ಸರಿದ್ರೆ ಬೆಲೆ ಇಳೀತದೆ. ಅವಳ ಪಾಲಿಗೆ ಇಡೀ ಶಾಸ್ತ್ರಾನೇ ನಾನು ತಲೆಕೆಳಗು ಮಾಡ್ಬುಟ್ಟಿದೀನಿ."

ಎದ್ದು ಪಂಚೆಯ ಧೂಳನ್ನೂ ಕೊಡವಲಿಲ್ಲ. ಅವರ ಮುಖ ನೋಡಲು ಕಷ್ಟವಾಗುತ್ತಿತ್ತು. ಹುಡುಗಿ ಈಚೆ ಬಂದು ತಮ್ಮ ಪಕ್ಕದಲ್ಲಿ ಕೂತು ನೋಡಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಕೇಳಿಕೊಂಡರು. ಅತ್ತೆಯವರ ಮುಖ ಬಿಗಿಯಿತು.

"ಜಗಲಿ ಮೇಲೆ, ಬೀದಿಯವರ ಎದುರಿಗೆ, ಗಂಡಸಿನ ಪಕ್ಕದಲ್ಲೇ? ಮಳವಳ್ಳಿಯವರ ಕಿವಿಗೆ ಬಿದ್ದರೆ? ಅದೊಂದು ಬೇಡಿ ಮೇಷ್ಟ್ರೇ."

ಮೇಷ್ಟ್ರು ವಾದ ಮಾಡಲಿಲ್ಲ. ತಾವೇ ತಲೆಕೆಳಗಾಗಿ ಬರೆಯಲು ನೋಡಿ ಎರಡೇ ಗೆರೆಗೆ ದಾರಿ ತಪ್ಪಿದರು. ಜಗಲಿಯ ತುದಿಯಿಂದ ತುದಿಗೆ ಎಷ್ಟೋ ಸಲ ಹೋಗಿ ಬಂದು, "ಹುಡುಗಿ ಬರೋದು ಬೇಡ. ನಾನೇ ತಿರುಗ್ತೀನಿ," ಎಂದರು.

ಮಾರನೆಯ ಪಾಠದಿಂದ ಅವರ ಬೆನ್ನು ನಮ್ಮ ಕಡೆಗೆ, ಮುಖ ಬೀದಿಯ ಕಡೆಗೆ. ಮುಂದೆ ಚಿತ್ರ ಬರೆದು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ, ಸರೋಜಳಿಗೂ ಅವರಿಗೂ ಬಲ ಒಂದೇ. ಅತ್ತೆಯವರಿಗೆ ಇದು ಮೊದಲಿಗಿಂತ ಹೆಚ್ಚು ಒಪ್ಪಿಗೆಯಾಯಿತು. ಪಾಠ ಮುಗಿಯುವವರೆಗೆ ಮೇಷ್ಟ್ರು ಮನೆಯ ಕಡೆ ತಿರುಗಲೇಬೇಕಾಗಿರಲಿಲ್ಲ. ಆದರೆ ತೊಂದರೆ ಬೇರೆ ಕಡೆಯಿಂದ ಬಂತು. ಪಾಠವೆಲ್ಲ ಬೀದಿಗೆ ಹೇಳಿದ ಹಾಗಾಯಿತು. ಕಬ್ಬಿನ ಗಾಡಿಯವರು ಗಾಡಿ ನಿಲ್ಲಿಸಿ ನೋಡುವರು.

"ಯಾರ್ಗೆ ಯೋಳ್ತಾ ಇದೀರಿ ಮೇಷ್ಟ್ರೇ, ಎತ್ತಿಗಾ?"

"ನಿನಗಿಂತ ಅದಕ್ಕೇ ಬೇಗ ತಿಳೀತದೆ ಕಣ್ಲಾ! ನಡಿ, ದಾರಿ ಬುಡು!"

ಹಿಂದಕ್ಕೆ ನೋಡದೆ ಅವರು ಕೇಳುವರು: "ತಿಳೀತಾ?" ಒಳಗಿನಿಂದ ಸರೋಜ "ಹೂಂ" ಎಂದರೆ ಗಾಡಿಯ ಸದ್ದಿನಲ್ಲಿ ಅವರಿಗೆ ಕೇಳಿಸದು. "ನನಗೆ ಬೆನ್ನಲ್ಲಿ ಕಣ್ಣಿಲ್ಲವ್ವ. ಬಾಯಿ ಬುಟ್ಟು ಯೋಳು. ಏನು ತಿಳೀತು?" ಎಂದು ಚಡಪಡಿಸುವರು. ಅವಳು ಇನ್ನಷ್ಟು ಗಟ್ಟಿಯಾಗಿ ಹೇಳುವಳು. ಅದೂ ಸಾಲದು. ಹೀಗೆ ದಿನದಿನಕ್ಕೆ ಏರುತ್ತಾ, ಒಂದು ದಿನ, ನನ್ನ ಬದಲಿಗೆ ಅತ್ತೆಯವರು ಬಾಗಿಲಲ್ಲಿ ಕೂತಿದ್ದಾಗ, ಹಿತ್ತಲಿನ ಬಾವಿಯ ಹತ್ತಿರ ಇದ್ದ ನನಗೆ ಸರೋಜಳ ದನಿ ಸ್ಪಷ್ಟವಾಗಿ ಕೇಳಿಸಿತು. ಬಿಂದಿಗೆ ಹಿಡಿದು ಹಾಗೇ ನಿಂತೆ. ಇದು ಯಾರ ಗಂಟಲಪ್ಪ ಅನ್ನಿಸಿತು.

ಮಳವಳ್ಳಿಯ ವರನ ಸೋದರಮಾವ ಹೇಳದೆ ಕೇಳದೆ ಬಂದದ್ದು ಅಂಥದೇ ಒಂದು ದಿನ. ಕೊಡೆ ಮಡಚಿಕೊಂಡು ಬೀದಿಯಲ್ಲಿ ನಿಂತಿದ್ದಾರೆ, ಒಳಗಿನಿಂದ ಸರೋಜ, "ಬೆಲೆ ಏರುತ್ತೆ ಮೇಷ್ಟ್ರೇ! ಏರಿದ ಮೇಲೆ ಮಾರೋರೂ ಹೆಚ್ಚು ತರ್ತಾರೆ!" ಎಂದು ಕೂಗಿ ಹೇಳುತ್ತಿದ್ದಾಳೆ. ಅವರು ಒಳಗೆ ಬಂದು ಕಾಫಿ ಕುಡಿದು, ಮಳೆಯ ವಿಷಯ ಮಾತನಾಡಿ ಹೋದರು. ಹುಡುಗಿಯ ದನಿ ಬೀದಿಗೆ ಕೇಳುತ್ತದೆ, ನಮ್ಮಲ್ಲಿ ಒಗ್ಗುವುದಿಲ್ಲ ಎಂದು ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದರು.

ಅತ್ತೆಯವರು ಆವತ್ತು ಊಟ ಮಾಡಲಿಲ್ಲ. ಈಗ ಸರೋಜ ನಪಾಸಾದರೆ ಕೆಲಸವೂ ಇಲ್ಲ, ಸಂಬಂಧವೂ ಇಲ್ಲ. ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಸುದ್ದಿ ಮೇಷ್ಟ್ರಿಗೂ ಮುಟ್ಟಿತು. ಮರುದಿನ ಅವರಿಗೆ ಜ್ವರದ ಪಾಳಿ; ಆದರೂ ಕಂಬಳಿ ಹೊದ್ದು ಬಂದು ಜಗಲಿಯ ಕೆಳಗೆ ನಿಂತರು. ಹಲ್ಲು ಕಟಕಟ ಎನ್ನುತ್ತಿತ್ತು.

"ಕೈಲಿದ್ದದ್ದು ಹೋಯ್ತು, ಬರಬೇಕಾದ್ದು ಬಂದಿಲ್ಲ," ಎಂದರು ಅತ್ತೆ. "ಇದಕ್ಕೆ ನಿಮ್ಮ ಶಾಸ್ತ್ರ ಏನು ಹೇಳುತ್ತೆ ಮೇಷ್ಟ್ರೇ?"

"ಅದಕ್ಕೊಂದು ಮಾತದೆ ಅಮ್ಮಾವ್ರೇ. ಒಂದನ್ನ ಹಿಡಿಯೋಕೆ ಯಾವುದನ್ನ ಬುಟ್ಟೆವೋ, ಅದೇ ಅದರ ನಿಜವಾದ ಬೆಲೆ ಅಂತ. ಕಾಲೇಜಲ್ಲಿ ಸಲೀಸಾಗಿ ಹೇಳ್ತಿದ್ದೆ. ಇಲ್ಲಿ ಬೆಲೆ ಕೊಡೋಳು ನಿಮ್ಮ ಮಗಳು. ನನಗೆ ಬಾಯಿ ಬರಾಕಿಲ್ಲ."

ಆಗ ಒಳಗಿನಿಂದ ಸರೋಜ, ಯಾರೂ ಕೇಳದೆ, ಬೀದಿಯ ಆ ಬದಿಗೂ ಕೇಳುವಂತೆ ಹೇಳಿದಳು:

"ನನಗೆ ಅದು ಬೇಕಾಗಿರಲಿಲ್ಲ. ಬೇಡದ್ದನ್ನು ಬಿಟ್ಟರೆ ಅದು ಬೆಲೆ ಹೇಗಾಗುತ್ತೆ ಮೇಷ್ಟ್ರೇ?"

ಅತ್ತೆಯವರು ತಿರುಗಿ ಒಳಗೆ ನೋಡಿದರು. ನಾನು ಮೊರ ಕೆಳಗಿಟ್ಟೆ. ಮೇಷ್ಟ್ರು ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡು, "ಇವತ್ತಿಗೆ ಪಾಠ ಇಷ್ಟೇ. ಹೇಳೋಕೆ ಏನೂ ಉಳಿದಿಲ್ಲ," ಎಂದು ನಡುಗುತ್ತಾ ಹೊರಟುಹೋದರು. ಅತ್ತೆ ನನ್ನ ಕಡೆ ತಿರುಗಿ, "ಅವರ ಅಣ್ಣನ ಮನೆಗೆ ಒಂದು ಲೋಟ ಮೆಣಸಿನ ಸಾರು ಕಳಿಸೇ," ಎಂದರು.

ಸರೋಜ ಮೈಸೂರಿಗೆ ಹೋಗಿ ಪರೀಕ್ಷೆಗೆ ಕೂತು ಬಂದಳು. ಫಲಿತಾಂಶ ಬರುವ ಮುಂಚೆಯೇ ಮೇಷ್ಟ್ರಿಗೆ ಜ್ವರ ಜೋರಾಗಿ, ಊರ ಕಡೆಯವರು ಗಾಡಿಯಲ್ಲಿ ಕರೆದುಕೊಂಡು ಹೋದರು. ಹೊರಡುವಾಗ ನಮ್ಮ ಮನೆಗೆ ಬರಲಿಲ್ಲ. ಫಲಿತಾಂಶ ಪತ್ರಿಕೆಯಲ್ಲಿ ಬಂತು. ನಮ್ಮ ಯಜಮಾನರು ಕಚೇರಿಯಿಂದ ಮಧ್ಯಾಹ್ನವೇ ಓಡಿಬಂದರು. ಸರೋಜ ಪಾಸಾಗಿದ್ದಳು.

ಕೆಲಸ ಸಿಕ್ಕಿದ್ದು ಮಳವಳ್ಳಿಯಲ್ಲೇ. ಸೊಸೆಯಾಗಿ ಹೋಗಬೇಕಾಗಿದ್ದ ಊರಿಗೆ ಮೇಡಂ ಆಗಿ ಹೊರಟಳು. ಅವಳನ್ನು ಬಿಟ್ಟು ಬರಲು ನಾನು ಜೊತೆಗೆ. ಮದ್ದೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಮದ್ದೂರಿನ ಬಸ್ಸಿನ ಹತ್ತಿರ, ಟ್ರಂಕು ಮೇಲೆ ಹಾಕಿಸುತ್ತಿರುವಾಗ, ಅತ್ತಿಂದಿತ್ತ ನಡೆದಾಡುತ್ತಿದ್ದ ಒಬ್ಬರನ್ನು ಕಂಡೆ. ಮುಖ ನೋಡುವ ಮೊದಲೇ ಗೊತ್ತಾಯಿತು. ತೀರಾ ಇಳಿದುಹೋಗಿದ್ದರು.

"ಏನು ತಾಯಿ, ಈ ಕಡೆ?" ಎಂದು ಬಂದರು. ಸರೋಜಳಿಗೂ ಅಪರಿಚಿತರಿಗೆ ಮುಗಿಯುವ ಹಾಗೆ ಕೈ ಮುಗಿದರು. ಆಮೇಲೆ ನನ್ನ ಹತ್ತಿರ ದನಿ ತಗ್ಗಿಸಿ, "ನಿಮ್ಮ ನಾದಿನಿ... ಪರೀಕ್ಷೆ ಏನಾಯ್ತು? ಕಾಗದ ಹಾಕೋಕೆ ಧೈರ್ಯ ಬರಲಿಲ್ಲ ನನಗೆ," ಎಂದರು.

ಆಗ ನನಗೆ ಹೊಳೆಯಿತು. ಮೊದಲು ನೆರಳಿನಲ್ಲಿ ಬಗ್ಗಿದ ತಲೆ, ಆಮೇಲೆ ಬೆನ್ನ ಹಿಂದಿನ ದನಿ. ಇಷ್ಟು ತಿಂಗಳಲ್ಲಿ ಅವರು ತಮ್ಮ ಶಿಷ್ಯೆಯ ಮುಖವನ್ನೇ ಕಂಡಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಸರೋಜ,

"ಪಾಸಾಯ್ತು ಮೇಷ್ಟ್ರೇ!" ಎಂದಳು.

ಬಸ್ಸಿನ ಮೇಲಿದ್ದವನು ಟ್ರಂಕು ಹಿಡಿದು ತಿರುಗಿ ನೋಡಿದ. ಮೇಷ್ಟ್ರ ಕಣ್ಣು ನನ್ನಿಂದ ಅವಳಿಗೆ, ಅವಳಿಂದ ನನಗೆ ಓಡಾಡಿತು. "ನೀನಾ ಅವ್ವ?" ಎಂದರು. "ನೀನಾ?" ಅಷ್ಟರಲ್ಲಿ ಕಂಡಕ್ಟರು, "ಮಳವಳ್ಳಿ, ಕಿರುಗಾವ್ಲು! ಅತ್ತೋರು ಅತ್ತಿ, ಬಸ್ಸೇನ್ ನಿಮ್ಮಾವನ್ ಮನೇದಾ!" ಎಂದು ಕೂಗತೊಡಗಿದ.

ಒಳಗೆ ಉಳಿದಿದ್ದದ್ದು ಒಂದೇ ಸೀಟು, ಮೂವರು ಕೂರುವಂಥದು. ಮೇಷ್ಟ್ರು ಕಿಟಕಿಯ ಕಡೆಗೆ ಮುದುರಿಕೊಂಡರು. ನಾನು ನಡುವೆ ಕೂರಬೇಕೆಂದು ಸೀರೆ ಸಾವರಿಸಿಕೊಳ್ಳುವುದರಲ್ಲಿ ಸರೋಜ ಹೋಗಿ ಅವರ ಪಕ್ಕದಲ್ಲಿ ಕೂತೇಬಿಟ್ಟಳು. ನಾನು ಈಚೆ ತುದಿಯಲ್ಲಿ ಕೂತೆ. ದಾರಿಯುದ್ದಕ್ಕೂ ಅವರು ಹೊರಗೆ ಕೈ ತೋರಿಸುತ್ತಾ ಏನೋ ಹೇಳುವುದು, ಅವಳು ಅಲ್ಲ ಎನ್ನುವುದು, ಅವರು ಸೀಟಿನಲ್ಲಿ ಕೂರಲಾರದೆ ಮಿಸುಕಾಡುವುದು ನಡೆದೇ ಇತ್ತು.

ಮಾರನೆಯ ದಿನ ಮಂಡ್ಯಕ್ಕೆ ಹಿಂದಿರುಗಿದೆ. ಅತ್ತೆಯವರು ಬಾಗಿಲಲ್ಲೇ ಕಾದಿದ್ದರು. ಮನೆ ಹೇಗಿದೆ, ನೀರು ಹತ್ತಿರವೇ, ಜೊತೆಗಿರುವ ಹೆಂಗಸು ಎಂಥವಳು ಎಂದೆಲ್ಲ ಕೇಳಿ, ಕಡೆಗೆ, "ಬಸ್ಸು ತುಂಬಾ ರಷ್ಷಂತೆ. ಅವಳಿಗೆ ಕೂರೋಕೆ ಸರಿಯಾದ ಜಾಗ ಸಿಕ್ಕಿತೇನೇ?" ಎಂದರು.

"ಸಿಕ್ಕಿತು," ಎಂದೆ.